ಒಬ್ಬಳಿಗೆ ಸಕ್ಕರೆ, ಒಬ್ಬನಿಗೆ ಉಬ್ಬಸ: ಹಾಸನದ ಒಂದು ಮಕ್ಕಳ ಕ್ಲಿನಿಕ್ ಬಗ್ಗೆ

ಹಾಸನದ ಸಾಲಗಾಮೆ ರಸ್ತೆಯಿಂದ ಒಳಕ್ಕೆ ಹೋಗುವ ಬೀದಿಯೊಂದರಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಡೆಯುವ ಮಕ್ಕಳ ಕ್ಲಿನಿಕ್ ಒಂದಕ್ಕೆ ನಾವು ಬೇಲೂರಿನಿಂದ ಹೋಗಿಬರುತ್ತೇವೆ. ಹನ್ನೊಂದು ವರ್ಷದ ಮಗಳಿಗೆ ಟೈಪ್ 1 ಮಧುಮೇಹವಿದೆ. ಆರು ವರ್ಷದ ಮಗನಿಗೆ ಅಸ್ತಮಾ, ಮನೆಯ ಹಿರಿಯರ ಮಾತಿನಲ್ಲಿ ಉಬ್ಬಸ. ಒಂದು ಮಗುವಿನ ಒಂದು ಕಾಯಿಲೆಯನ್ನು ಚೆನ್ನಾಗಿ ನೋಡುವ ವೈದ್ಯರು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಆದರೆ ಒಂದೇ ಮನೆಯ ಇಬ್ಬರು ಮಕ್ಕಳ ಎರಡು ಸಂಬಂಧವಿಲ್ಲದ ಕಾಯಿಲೆಗಳನ್ನು, ಒಬ್ಬರಿಗಾಗಿ ಇನ್ನೊಬ್ಬರು ಸೊರಗದಂತೆ, ಒಂದೇ ಪ್ರಯಾಣದಲ್ಲಿ ನೋಡಿ ಕಳಿಸುವ ಏರ್ಪಾಡನ್ನು ನಾನು ಇಲ್ಲಿ ಮಾತ್ರ ಕಂಡಿದ್ದೇನೆ, ಮತ್ತು ಈ ವಿಮರ್ಶೆ ಮುಖ್ಯವಾಗಿ ಆ ಏರ್ಪಾಡನ್ನು ಕುರಿತದ್ದು. ವೈದ್ಯರು ಒಬ್ಬರೇ ಆಗಿರುವುದರಿಂದಲೂ, ಕೊರತೆಗಳನ್ನೂ ಬಿಡದೆ ಬರೆಯಬೇಕೆಂದಿರುವುದರಿಂದಲೂ ಕ್ಲಿನಿಕ್ಕಿನ ಹೆಸರನ್ನು ಹಾಕಿಲ್ಲ. ಯಾವ ಕ್ಲಿನಿಕ್ಕಿಗೆ ಹೋದರೂ ಏನನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದು ಓದಿದವರಿಗೆ ಸಿಕ್ಕರೆ ಅಷ್ಟು ಸಾಕು.

ಇಂಥ ಮನೆಗಳಿಗೆ ಮೊದಲ ತೊಡಕು ಕಾಯುವುದು. ಎಲ್ಲ ರೋಗಿಗಳೂ ಕಾಯುತ್ತಾರೆ ನಿಜ, ಆದರೆ ನಮ್ಮ ಇಬ್ಬರು ಮಕ್ಕಳಿಗೆ ಕಾಯುವಿಕೆ ಎರಡು ಬೇರೆ ರೀತಿಯಲ್ಲಿ ಕೆಡುಕು ಮಾಡುತ್ತದೆ. ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡಿರುತ್ತದೆ. ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಮಾತ್ರೆಯಿಂದ ಇದು ಹತೋಟಿಗೆ ಬರುವುದೂ ಇಲ್ಲ. ಮಗಳು ಪ್ರತಿ ಊಟದ ಮುಂಚೆ ಬೇಗ ಕೆಲಸಮಾಡುವ ಇನ್ಸುಲಿನ್ನನ್ನೂ ರಾತ್ರಿ ಒಮ್ಮೆ ದೀರ್ಘಕಾಲ ಕೆಲಸಮಾಡುವ ಇನ್ಸುಲಿನ್ನನ್ನೂ ಪೆನ್ನಿನಿಂದ ಚುಚ್ಚಿಕೊಳ್ಳುತ್ತಾಳೆ. ಟೋಕನ್ ಯಾವಾಗ ಕೂಗುತ್ತಾರೆಂದು ತಿಳಿಯದೆ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತಾಗ, ಇನ್ಸುಲಿನ್ ಕೊಟ್ಟು ಊಟ ತಡವಾದರೆ ಸಕ್ಕರೆ ಕುಸಿಯುತ್ತದೆ, ಇನ್ಸುಲಿನ್ ಕೊಡದೆ ಬಿಸ್ಕತ್ತು ತಿನ್ನಿಸಿದರೆ ಏರುತ್ತದೆ. ಮಗನ ಪಾಡು ಬೇರೆ. ಮಕ್ಕಳ ಅಸ್ತಮಾ ಕೆರಳುವುದಕ್ಕೆ ಬಹುಮಟ್ಟಿಗೆ ನೆಗಡಿಯ ವೈರಸ್ಸುಗಳೇ ಕಾರಣ, ಆದ್ದರಿಂದ ಕೆಮ್ಮುವ ಹತ್ತಾರು ಮಕ್ಕಳ ನಡುವೆ ಎರಡು ಮೂರು ಗಂಟೆ ಕುಳಿತು ತಪಾಸಣೆ ಮಾಡಿಸಿಕೊಂಡು ಬಂದ ವಾರದಲ್ಲೇ ಅವನಿಗೆ ಮತ್ತೆ ಎದೆಯಲ್ಲಿ ಸಿಳ್ಳಿನ ಸದ್ದು ಶುರುವಾಗುವುದು ಅಚ್ಚರಿಯೇನಲ್ಲ. ಹಿಂದೆ ನಾವು ಹೋಗುತ್ತಿದ್ದ ಆಸ್ಪತ್ರೆಯೊಂದರಲ್ಲಿ ಮಗಳಿಗೆ ಒಂದು ವಿಭಾಗ, ಮಗನಿಗೆ ಇನ್ನೊಂದು, ಎರಡಕ್ಕೂ ಬೇರೆ ದಿನ ಎಂಬ ಪದ್ಧತಿಯಿದ್ದು, ಒಬ್ಬರ ತಪಾಸಣೆಗೆ ಇನ್ನೊಬ್ಬರು ಶಾಲೆ ಬಿಟ್ಟು ಸುಮ್ಮನೆ ಜೊತೆಗೆ ಬರುವುದು ಸಾಮಾನ್ಯವಾಗಿಬಿಟ್ಟಿತ್ತು.

ಈ ಕ್ಲಿನಿಕ್ಕಿನಲ್ಲಿ ಜ್ವರ, ನೆಗಡಿ, ಭೇದಿಯ ಮಕ್ಕಳನ್ನು ಬೆಳಗ್ಗೆ ನೋಡುತ್ತಾರೆ. ವಾರದಲ್ಲಿ ಎರಡು ಮಧ್ಯಾಹ್ನಗಳನ್ನು ಅಸ್ತಮಾ, ಮಧುಮೇಹ, ಮೂರ್ಛೆರೋಗ, ಥೈರಾಯ್ಡ್ ಮುಂತಾದ ದೀರ್ಘಕಾಲದ ಕಾಯಿಲೆಗಳ ಮಕ್ಕಳಿಗೆಂದೇ ಇಟ್ಟಿದ್ದಾರೆ. ಹಿಂದಿನ ಸಂಜೆ ಫೋನ್ ಮಾಡಿದರೆ ಟೋಕನ್ ಸಂಖ್ಯೆಯ ಜೊತೆಗೆ ಅಂದಾಜು ಸಮಯವನ್ನೂ ಹೇಳುತ್ತಾರೆ, ಮತ್ತು ಆ ಸಮಯ ಅರ್ಧ ಗಂಟೆಗಿಂತ ಹೆಚ್ಚು ತಪ್ಪುವುದು ಅಪರೂಪ. ಒಂದೇ ಮನೆಯ ಮಕ್ಕಳಿಗೆ ಒಂದರ ಹಿಂದೊಂದು ಟೋಕನ್ ಕೊಡುತ್ತಾರೆ; ಫೈಲುಗಳು ಎರಡಾದರೂ ಕಪಾಟಿನಲ್ಲಿ ಒಂದೇ ದಾರದಲ್ಲಿ ಕಟ್ಟಿ ಒಟ್ಟಿಗಿಟ್ಟಿರುತ್ತಾರೆ. ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮುಗಿಸಿ ಬಸ್ಸು ಹತ್ತಿದರೆ ಗಂಟೆಯೊಂದರ ಪ್ರಯಾಣವಾದ್ದರಿಂದ ಮಗಳ ಇನ್ಸುಲಿನ್ ಲೆಕ್ಕ ತಪ್ಪುವುದಿಲ್ಲ, ಶಾಲೆಯೂ ಅರ್ಧ ದಿನವಷ್ಟೇ ತಪ್ಪುತ್ತದೆ. ಇದಕ್ಕೆ ದೊಡ್ಡ ಕಟ್ಟಡವಾಗಲಿ ಯಂತ್ರವಾಗಲಿ ಬೇಕಾಗಿಲ್ಲ. ಆದರೂ ಉಳಿದ ಕಡೆ ಇದನ್ನು ಯಾಕೆ ಮಾಡುವುದಿಲ್ಲ ಎಂಬ ಪ್ರಶ್ನೆ ನನಗೆ ಪ್ರತಿ ಸಲವೂ ಬರುತ್ತದೆ.

ಒಳಗೆ ಹೋದ ಮೇಲೆ ಸಿಸ್ಟರ್ ಮೊದಲು ಇಬ್ಬರ ಎತ್ತರ, ತೂಕಗಳನ್ನು ಅಳೆದು ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆ ಹಾಕುತ್ತಾರೆ. ಇದು ಬರಿಯ ಶಾಸ್ತ್ರವಲ್ಲ. ಇನ್ಸುಲಿನ್ನಿನ ಪ್ರಮಾಣ ತೂಕದ ಮೇಲೆ ನಿಂತಿದೆ. ಸಕ್ಕರೆ ಬಹುಕಾಲ ಹತೋಟಿ ತಪ್ಪಿದರೆ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ. ಅಸ್ತಮಾಕ್ಕೆ ಸ್ಟೆರಾಯ್ಡ್ ಪಫ್, ಅಂದರೆ ಇನ್ಹೇಲರಿನಿಂದ ಉಸಿರಿನೊಳಗೆ ಎಳೆದುಕೊಳ್ಳುವ ಔಷಧಿ, ತೆಗೆದುಕೊಳ್ಳುವ ಮಗುವಿನ ಎತ್ತರವನ್ನೂ ಕಾಲಕಾಲಕ್ಕೆ ನೋಡುತ್ತಿರಬೇಕು. ಹೀಗೆ ಎರಡು ಕಾಯಿಲೆಗಳಿಗೂ ಒಂದೇ ಅಳತೆಪಟ್ಟಿ ಬೇರೆ ಬೇರೆ ಸಂಗತಿಯನ್ನು ಹೇಳುತ್ತದೆ.

ಆಮೇಲಿನ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಕ್ಲಿನಿಕ್ಕಿನ ನಿಜವಾದ ಬೆಲೆ ಇರುವುದು ಅಲ್ಲಿ. ವೈದ್ಯರು ಮಗನನ್ನು ಮೊದಲು ನೋಡುತ್ತಾರೆ. ಅವನ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಆಲಿಸಿ, ರಾತ್ರಿ ಕೆಮ್ಮಿ ಎದ್ದದ್ದುಂಟೆ, ಆಟವಾಡುವಾಗ ನಿಂತುಬಿಡುತ್ತಾನೆಯೆ, ಎದೆ ಕಟ್ಟಿದಾಗ ಕೊಡುವ ನೀಲಿ ಪಫ್ ವಾರಕ್ಕೆ ಎಷ್ಟು ಸಲ ಬೇಕಾಯಿತು ಎಂದು ಕೇಳಿ, ಅವನನ್ನು ನನ್ನ ಜೊತೆಗೆ ಹೊರಗೆ ಸಿಸ್ಟರ್ ಹತ್ತಿರ ಪಫ್ ತೆಗೆದುಕೊಂಡು ತೋರಿಸಲು ಕಳಿಸುತ್ತಾರೆ. ಆ ಹೊತ್ತಿನಲ್ಲಿ ಮಗಳು ಒಬ್ಬಳೇ ವೈದ್ಯರ ಮುಂದೆ ಕುಳಿತಿರುತ್ತಾಳೆ. ಅಸ್ತಮಾ ಸದ್ದು ಮಾಡುವ ಕಾಯಿಲೆ. ರಾತ್ರಿ ಎರಡು ಗಂಟೆಗೆ ಮನೆಯವರನ್ನೆಲ್ಲ ಎಬ್ಬಿಸಿ ಕೂರಿಸುತ್ತದೆ. ಸಕ್ಕರೆಯದು ದಿನವೂ ನಡೆಯುವ ಸದ್ದಿಲ್ಲದ ದುಡಿಮೆ. ಇಬ್ಬರೂ ಒಟ್ಟಿಗೆ ಕುಳಿತರೆ ಮಾತೆಲ್ಲ ತಮ್ಮನ ಉಬ್ಬಸದ ಸುತ್ತಲೇ ತಿರುಗಿ, ‘ಅಕ್ಕ ಜಾಣೆ, ತಾನೇ ನೋಡಿಕೊಳ್ಳುತ್ತಾಳೆ’ ಎಂಬ ಹೊಗಳಿಕೆಯಲ್ಲಿ ಅವಳ ಪಾಲು ಮುಗಿದುಹೋಗುತ್ತದೆ. ಶಾಲೆಯಲ್ಲಿ ಮಧ್ಯಾಹ್ನದ ಇನ್ಸುಲಿನ್ನನ್ನು ಬೇರೆ ಮಕ್ಕಳು ನೋಡಬಾರದೆಂದು ಅವಳು ಶೌಚಾಲಯದೊಳಗೆ ನಿಂತು ಚುಚ್ಚಿಕೊಳ್ಳುತ್ತಿದ್ದ ವಿಷಯ ಹೊರಬಂದದ್ದು ಹೀಗೆ ಅವಳನ್ನು ಒಬ್ಬಳನ್ನೇ ಕೇಳಿದಾಗ. ವೈದ್ಯರು ಅವಳ ಒಪ್ಪಿಗೆ ಪಡೆದು ನನಗೆ ತಿಳಿಸಿದರು. ಮುಖ್ಯೋಪಾಧ್ಯಾಯರಿಗೆ ಕನ್ನಡದಲ್ಲೇ ಒಂದು ಪತ್ರ ಬರೆದುಕೊಟ್ಟರು. ಇನ್ಸುಲಿನ್ ತೆಗೆದುಕೊಳ್ಳಲು ಶುಚಿಯಾದ ಜಾಗ, ತಲೆ ಸುತ್ತಿದರೆ ಪಾಠದ ನಡುವೆಯೂ ತಿನ್ನಲು ಅನುಮತಿ, ಕೇಳಿದಾಗ ಮೂತ್ರಕ್ಕೆ ಹೋಗಲು ಬಿಡುವುದು, ಮಂಕಾಗಿರುವಾಗ ಅವಳನ್ನು ಒಬ್ಬಳನ್ನೇ ಎಲ್ಲಿಗೂ ಕಳಿಸದಿರುವುದು ಎಂಬಷ್ಟೇ ಅಂಶಗಳಿದ್ದ ಅರ್ಧ ಪುಟದ ಪತ್ರ. ಅದಕ್ಕೆ ಶುಲ್ಕವನ್ನೇನೂ ಕೇಳಲಿಲ್ಲ.

ಮಧುಮೇಹದ ವಿಚಾರದಲ್ಲಿ ವೈದ್ಯರು ಗ್ಲುಕೋಮೀಟರಿನ ನೋಟ್‌ಬುಕ್ಕನ್ನು ನಿಜವಾಗಿ ಓದುತ್ತಾರೆ. ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಸುಮಾರು ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆಯೇ ಹೊರತು ಏರಿಳಿತವನ್ನು ಹೇಳುವುದಿಲ್ಲ, ಬೆಳಗ್ಗೆ 250 ಇದ್ದು ಸಂಜೆ 60ಕ್ಕೆ ಇಳಿಯುವ ಮಗುವಿನ ಸರಾಸರಿಯೂ ಚೆನ್ನಾಗಿಯೇ ಕಾಣಬಹುದು ಎಂದು ಅವರು ವಿವರಿಸಿದ ಮೇಲೆ ನೋಟ್‌ಬುಕ್ ಬರೆಯುವುದರಲ್ಲಿ ಮಗಳಿಗೂ ಆಸಕ್ತಿ ಬಂದಿದೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಸುಮಾರು 15 ಗ್ರಾಂ ಗ್ಲುಕೋಸ್ ಪುಡಿ, ಅಥವಾ ಮೂರು ಚಮಚ ಸಕ್ಕರೆ ಬೆರೆಸಿದ ನೀರು ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು; ಚಾಕೊಲೇಟಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುವುದರಿಂದ ಆ ಹೊತ್ತಿಗೆ ಅದು ಬೇಡ. ಈ ಪಾಠವನ್ನು ತಮ್ಮನಿಗೂ ಅವನ ಭಾಷೆಯಲ್ಲಿ ಹೇಳಿಕೊಟ್ಟಿದ್ದಾರೆ: ಅಕ್ಕ ಬೆವರಿ ನಡುಗುತ್ತಿದ್ದರೆ ಗ್ಲುಕೋಸ್ ಡಬ್ಬಿ ತಂದುಕೊಟ್ಟು ಅಮ್ಮನನ್ನು ಕೂಗಬೇಕು, ಅಷ್ಟೇ. ಹಾಗೆಂದು ಅಕ್ಕನ ಮೇಲೆ ತಮ್ಮನ ಹೊರೆ ಹೊರಿಸುವುದನ್ನು ಅವರು ಒಪ್ಪುವುದಿಲ್ಲ. ಅವನಿಗೆ ಪಫ್ ಕೊಡುವುದನ್ನು ತಾನು ಮರೆತೆನೆಂದು ಅವಳು ಒಮ್ಮೆ ಅಳುಮುಖ ಮಾಡಿದಾಗ, ‘ಅದನ್ನ ನೆನಪಿಡೋದು ಅಪ್ಪ ಅಮ್ಮನ ಕೆಲಸ ಪುಟ್ಟಿ, ನಿಂದಲ್ಲ’ ಎಂದು ನಮ್ಮ ಮುಂದೆಯೇ ಹೇಳಿದರು.

ಎರಡು ಕಾಯಿಲೆಗಳು ಒಂದೇ ಮನೆಯಲ್ಲಿದ್ದರೆ ಹುಟ್ಟುವ ಒಂದು ಅಪಾಯವನ್ನು ಅವರು ಹೇಳಿದ್ದು ನಾನು ಓದಿದ ಯಾವ ಕರಪತ್ರದಲ್ಲೂ ಇರಲಿಲ್ಲ. ಇನ್ಸುಲಿನ್ ಸಾಲದೆ, ದೇಹ ಕೊಬ್ಬನ್ನು ಕರಗಿಸುವಾಗ ಹುಟ್ಟುವ ಕೀಟೋನ್ ರಕ್ತದಲ್ಲಿ ಹೆಚ್ಚಿ ಆಮ್ಲೀಯತೆ ಏರಿದಾಗ ಮಗು ಆಳವಾಗಿ, ವೇಗವಾಗಿ ಉಸಿರಾಡತೊಡಗುತ್ತದೆ. ಜೊತೆಗೆ ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಹಣ್ಣು ಕೊಳೆತಂಥ ವಾಸನೆ ಇರಬಹುದು. ಉಬ್ಬಸವನ್ನು ಕಂಡು ಪಳಗಿದ ಮನೆಯವರು ಇದನ್ನೂ ಉಬ್ಬಸವೆಂದೇ ಬಗೆದು, ಮಗನ ಪಫ್ಫನ್ನು ಮಗಳಿಗೆ ಕೊಟ್ಟು ಕಾದುಕೂರುವ ಸಂಭವವಿದೆ. ಅಸ್ತಮಾದಲ್ಲಿ ಉಸಿರು ಬಿಡುವಾಗ ಸಿಳ್ಳಿನ ಸದ್ದು ಕೇಳುತ್ತದೆ, ಇದರಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಮಗಳ ಉಸಿರಾಟದಲ್ಲಿ ಏನೇ ಬದಲಾವಣೆ ಕಂಡರೂ ಮೊದಲು ಸಕ್ಕರೆ ನೋಡಿ, ಮೂತ್ರದ ಕೀಟೋನ್ ಪಟ್ಟಿಯಲ್ಲಿ ಪರೀಕ್ಷಿಸಿ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೊರಡಬೇಕು ಎಂದು ಎರಡೂ ಫೈಲುಗಳ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಇಬ್ಬರು ಮಕ್ಕಳನ್ನೂ ಒಬ್ಬರೇ ವೈದ್ಯರು ಬಲ್ಲವರಾಗಿರದಿದ್ದರೆ ಈ ಮಾತು ಯಾರಿಗೂ ಹೊಳೆಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಅಸ್ತಮಾದ ಚಿಕಿತ್ಸೆಯಲ್ಲಿ ಇವರು ಸ್ಪೇಸರ್, ಅಂದರೆ ಪಫ್ ಡಬ್ಬಿಗೆ ಸಿಕ್ಕಿಸಿ ಉಸಿರೆಳೆದುಕೊಳ್ಳುವ ಪ್ಲಾಸ್ಟಿಕ್ ಕೊಳವೆಯ, ಪಕ್ಷದವರು. ಎದೆ ಕಟ್ಟಿದಾಗಲೆಲ್ಲ ಕರೆದೊಯ್ದು ನೆಬ್ಯುಲೈಸರ್ ಹಿಡಿಸಿಕೊಂಡು ಬರುವುದು ನಮ್ಮ ಊರುಗಳಲ್ಲಿ ರೂಢಿ. ಹೊಗೆಯಂಥದ್ದು ಕಣ್ಣಿಗೆ ಕಾಣುವುದರಿಂದ ಅದರಲ್ಲಿ ನಂಬಿಕೆಯೂ ಹೆಚ್ಚು. ಆದರೆ ಕಡಿಮೆ ಮತ್ತು ಮಧ್ಯಮ ತೀವ್ರತೆಯ ಉಬ್ಬಸಕ್ಕೆ ಸ್ಪೇಸರ್ ಮೂಲಕ ಸರಿಯಾಗಿ ಕೊಟ್ಟ ಪಫ್ ನೆಬ್ಯುಲೈಸರಿನಷ್ಟೇ ಕೆಲಸ ಮಾಡುತ್ತದೆ. ಒಂದು ಸಲಕ್ಕೆ ಒಂದೇ ಪಫ್ ಒತ್ತಿ, ಐದಾರು ಸಲ ನಿಧಾನವಾಗಿ ಉಸಿರಾಡಿಸಿ, ಡಬ್ಬಿಯನ್ನು ಮತ್ತೆ ಕುಲುಕಿ ಎರಡನೆಯದನ್ನು ಕೊಡಬೇಕು. ದಿನವೂ ತೆಗೆದುಕೊಳ್ಳುವ ಸ್ಟೆರಾಯ್ಡ್ ಪಫ್ ಆದ ಮೇಲೆ ಬಾಯಿ ಮುಕ್ಕಳಿಸಬೇಕು. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸದೆ ತಾನಾಗಿ ಒಣಗಲು ಬಿಡಬೇಕು, ಒರೆಸಿದರೆ ಹುಟ್ಟುವ ಸ್ಥಿರವಿದ್ಯುತ್ತು ಔಷಧಿಯ ಕಣಗಳನ್ನು ಗೋಡೆಗೇ ಅಂಟಿಸಿಕೊಳ್ಳುತ್ತದೆ. ಇಷ್ಟನ್ನೂ ಸಿಸ್ಟರ್ ಪ್ರತಿ ಭೇಟಿಯಲ್ಲಿ ಮಗನ ಕೈಯಲ್ಲೇ ಮಾಡಿಸಿ ನೋಡುತ್ತಾರೆ. ಪಫ್ ಅಭ್ಯಾಸವಾಗಿಬಿಡುತ್ತದೆ ಎಂದು ಬಹುಕಾಲ ಹೆದರುತ್ತಿದ್ದ ನಮ್ಮ ಅತ್ತೆಯವರನ್ನು ಒಮ್ಮೆ ಕರೆತರಲು ಹೇಳಿ, ಪಫ್ಫಿನ ಔಷಧಿ ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತದೆ, ಮಾತ್ರೆಯದು ಮಿಲಿಗ್ರಾಂ ಲೆಕ್ಕದಲ್ಲಿ, ಒಂದು ಮಿಲಿಗ್ರಾಮಿಗೆ ಸಾವಿರ ಮೈಕ್ರೋಗ್ರಾಂ ಎಂದು ಕಾಗದದ ಮೇಲೆ ಬರೆದು ತೋರಿಸಿದರು. ಅತ್ತೆಯವರು ಮಾರನೆಯ ದಿನದಿಂದ ತಾವೇ ಮೊಮ್ಮಗನಿಗೆ ಬೆಳಗಿನ ಪಫ್ ಕೊಡುತ್ತಿದ್ದಾರೆ.

ಜೂನ್ ತಿಂಗಳಿಂದ ಮಳೆ ಹಿಡಿಯಿತೆಂದರೆ ಬೇಲೂರು, ಸಕಲೇಶಪುರದ ಕಡೆಯ ಮನೆಗಳಲ್ಲಿ ಬಟ್ಟೆಯೆಲ್ಲ ಒಳಗೇ ಒಣಗಬೇಕು, ಗೋಡೆಯ ಮೂಲೆಗಳಲ್ಲಿ ಬೂಷ್ಟು ಹತ್ತುತ್ತದೆ, ಬಚ್ಚಲ ಹಂಡೆಯ ಒಲೆಗೆ ಹಸಿ ಸೌದೆ ಹಾಕಿ ಮನೆ ತುಂಬ ಹೊಗೆಯಾಗುತ್ತದೆ. ವೈದ್ಯರು ಧೂಳಿನ ಬಗ್ಗೆ ಒಂದು ಮಾತು ಹೇಳಿ ಬಿಡುವವರಲ್ಲ. ಹಂಡೆ ಒಲೆ ಮನೆಗೆ ಅಂಟಿಕೊಂಡಿದೆಯೆ, ಮಗು ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚುತ್ತೀರಾ, ಸಂಜೆ ಧೂಪ ಹಾಕುತ್ತೀರಾ ಎಂದು ಒಂದೊಂದಾಗಿ ಕೇಳುತ್ತಾರೆ. ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆಯನ್ನು ಇಬ್ಬರಿಗೂ ಒಂದೇ ದಿನ ಹಾಕುತ್ತಾರೆ. ಅಸ್ತಮಾ ಮತ್ತು ಮಧುಮೇಹ ಎರಡರಲ್ಲೂ ಪ್ರತಿವರ್ಷ ಹಾಕಿಸಬೇಕಾದ ಲಸಿಕೆ ಅದು.

ಇನ್ನು ಕೊರತೆಗಳು. ಮೊದಲನೆಯದು ಆಹಾರ ತಜ್ಞರಿಲ್ಲದಿರುವುದು. ಕೈಗೆ ಕೊಡುವ ಅಚ್ಚಿನ ಪಟ್ಟಿಯಲ್ಲಿ ಬ್ರೆಡ್ಡು, ಕಾರ್ನ್‌ಫ್ಲೇಕ್ಸ್, ಪಾಸ್ತಾಗಳ ಶರ್ಕರಪಿಷ್ಟದ ಲೆಕ್ಕವಿದೆ. ನಮ್ಮ ಮನೆಯ ಅಕ್ಕಿ ರೊಟ್ಟಿ, ಕಡುಬು, ಮುದ್ದೆಗಳ ಸುದ್ದಿಯೇ ಇಲ್ಲ. ಊಟಕ್ಕೆ ತಕ್ಕಂತೆ ಇನ್ಸುಲಿನ್ ಹಾಕಿಕೊಳ್ಳುವ ಮಗುವಿಗೆ ಇದು ಸಣ್ಣ ಕೊರತೆಯಲ್ಲ. ಕೇಳಿದ ಮೇಲೆ ವೈದ್ಯರು ಹಿಟ್ಟನ್ನೇ ತಕ್ಕಡಿಯಲ್ಲಿ ತೂಗಿ ಲೆಕ್ಕಹಾಕುವ ದಾರಿ ಹೇಳಿಕೊಟ್ಟರು: 100 ಗ್ರಾಂ ಅಕ್ಕಿಹಿಟ್ಟಿನಲ್ಲಿ ಶರ್ಕರಪಿಷ್ಟ ಅಂದಾಜು 80 ಗ್ರಾಂ, ರಾಗಿಹಿಟ್ಟಿನಲ್ಲಿ 70ರ ಆಸುಪಾಸು. ಸಕ್ಕರೆ ಕಾಯಿಲೆಗೆ ಮುದ್ದೆ ಒಳ್ಳೆಯದೆಂದು ಬಂದವರೆಲ್ಲ ಉಪದೇಶ ಮಾಡುತ್ತಾರೆ, ಆದರೆ ಟೈಪ್ 1 ಇರುವ ಮಗುವಿಗೆ ಮುದ್ದೆಗೂ ಇನ್ಸುಲಿನ್ ಬೇಕೇ ಬೇಕು. ಇಬ್ಬರು ಮಕ್ಕಳಿಗೆ ಎರಡು ಅಡುಗೆ ಮಾಡಬೇಡಿ, ತಮ್ಮನಿಗೆ ಕದ್ದು ಸಿಹಿ ಕೊಡಬೇಡಿ, ಹಬ್ಬದ ಹೋಳಿಗೆಯನ್ನು ಅಕ್ಕನೂ ಲೆಕ್ಕಹಾಕಿ ತಿನ್ನಲಿ ಎಂಬುದು ಅವರ ನಿಲುವು. ಅದು ಸರಿಯೂ ಹೌದು. ಆದರೆ ಆ ಲೆಕ್ಕವನ್ನು ಕನ್ನಡದಲ್ಲಿ, ನಮ್ಮ ತಿಂಡಿಗಳ ಹೆಸರಿನಲ್ಲಿ ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ ಇಡುವುದು ಕಷ್ಟದ ಕೆಲಸವಲ್ಲ, ಇಷ್ಟು ದಿನ ಅದನ್ನು ಮಾಡದಿರುವುದಕ್ಕೆ ಕಾರಣವೂ ಕಾಣುವುದಿಲ್ಲ.

ಶೌಚಾಲಯದ ಬೀಗದ ಕೈ ಕೌಂಟರಿನಲ್ಲಿರುತ್ತದೆ. ಸಕ್ಕರೆ ಏರಿದಾಗ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾದ ಮಕ್ಕಳು ಬರುವ ಜಾಗದಲ್ಲಿ, ಪ್ರತಿ ಸಲವೂ ಎಲ್ಲರೆದುರು ಬೀಗದ ಕೈ ಕೇಳುವುದು ಹನ್ನೊಂದರ ಹುಡುಗಿಗೆ ಎಷ್ಟು ಮುಜುಗರವೆಂದು ಯಾರಾದರೂ ಯೋಚಿಸಬೇಕಿತ್ತು. ಮೆಟ್ಟಿಲುಗಳು ಕಡಿದಾಗಿವೆ, ಲಿಫ್ಟ್ ಇಲ್ಲ; ಉಬ್ಬಸ ಹೆಚ್ಚಿದ ದಿನ ಮಗನನ್ನು ಎತ್ತಿಕೊಂಡೇ ಹತ್ತಬೇಕು. ಟೋಕನ್ ಫೋನ್ ಸಂಜೆ ಒಂದು ಗಂಟೆ ಮಾತ್ರ ತೆಗೆಯುತ್ತಾರೆ, ಬಹುತೇಕ ಆ ಗಂಟೆಯಲ್ಲಿ ಅದು ಬಿಡುವಾಗಿರುವುದಿಲ್ಲ.

ಕೆಳಗಿನ ಔಷಧಿ ಅಂಗಡಿಯ ಬಗ್ಗೆ ಒಳ್ಳೆಯದನ್ನೇ ಹೇಳಬೇಕು. ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿ ಇಡುತ್ತಾರೆ, ಊರಿಗೆ ಒಯ್ಯುವವರಿಗೆ ಥರ್ಮಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಕೊಡುತ್ತಾರೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬಾರದು ಎಂಬುದನ್ನು ಅಲ್ಲಿಯ ಹುಡುಗ ಕೇಳದೆಯೇ ಹೇಳುತ್ತಾನೆ. ಮಕ್ಕಳಿಗೆ ಬೇಕಾದ 4 ಮಿ.ಮೀ. ಪೆನ್ ಸೂಜಿ ಮಾತ್ರ ಆಗಾಗ ಮುಗಿದುಹೋಗಿರುತ್ತದೆ. ಮುಂಚೆಯೇ ಹೇಳಿ ತರಿಸಿಟ್ಟುಕೊಳ್ಳುವುದು ಲೇಸು.

ಇಲ್ಲಿ ಒಳರೋಗಿಗಳ ವಿಭಾಗವಿಲ್ಲ, ರಾತ್ರಿ ಯಾರೂ ಇರುವುದಿಲ್ಲ. ಪಫ್ಫಿಗೆ ಬಗ್ಗದ ಉಬ್ಬಸಕ್ಕೆ, ನಿಲ್ಲದ ವಾಂತಿಗೆ ಹಿಮ್ಸ್‌ನಂಥ (ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು) ಬೋಧನಾ ಆಸ್ಪತ್ರೆಗೋ ಬೇರೆ ದೊಡ್ಡ ಆಸ್ಪತ್ರೆಗೋ ನೇರವಾಗಿ ಹೋಗಬೇಕು, ಇಲ್ಲಿಗೆ ಬಂದು ಹೊತ್ತು ಕಳೆಯಬಾರದು ಎಂದು ವೈದ್ಯರೇ ಮೊದಲ ದಿನ ಹೇಳಿಬಿಡುತ್ತಾರೆ. ಮಕ್ಕಳ ಹಾರ್ಮೋನ್ ತಜ್ಞರನ್ನು ವರ್ಷಕ್ಕೊಮ್ಮೆಯಾದರೂ ಬೆಂಗಳೂರಿನಲ್ಲಿ ಕಾಣಬೇಕೆಂಬುದೂ ಅವರದೇ ಸಲಹೆ. ಅದಕ್ಕೆ ಒಂದೇ ಪುಟದಲ್ಲಿ ವರ್ಷದ ಸಾರಾಂಶ ಬರೆದುಕೊಡುತ್ತಾರೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮಾರ್ಗವಾಗಿ ರೈಲು ಓಡಲು ಶುರುವಾದ ಮೇಲೆ ಹಾಸನದವರಿಗೆ ಬೆಂಗಳೂರಿನ ಆ ಪ್ರಯಾಣ ಮೊದಲಿನಷ್ಟು ದಣಿವಿನದಲ್ಲ.

ಶುಲ್ಕ ಒಬ್ಬರಿಗೆ 400 ರೂಪಾಯಿ. ಅದೇ ದಿನ ಬಂದ ಎರಡನೆಯ ಮಗುವಿಗೆ 200. ಪರೀಕ್ಷೆಯ ವರದಿಯನ್ನು ಫೋನಿನಲ್ಲಿ ಕಳಿಸಿದರೆ ಮತ್ತೆ ದುಡ್ಡು ಕೇಳುವುದಿಲ್ಲ. ಸಾಮಾನ್ಯ ನೆಗಡಿ ಜ್ವರಕ್ಕೆ ದೂರದೂರಿನಿಂದ ಇಲ್ಲಿಗೆ ಬರುವ ಅಗತ್ಯವಿಲ್ಲ. ಸಕಲೇಶಪುರದ ಆಚೆಯ ಘಟ್ಟದಂಚಿನ ಊರಿನವರಿಗೆ ಮಧ್ಯಾಹ್ನದ ಹೊತ್ತು ಅನುಕೂಲವಾಗದು, ಮಳೆಗಾಲದಲ್ಲಿ ಮರಳುವಷ್ಟರಲ್ಲಿ ಕತ್ತಲಾಗಿರುತ್ತದೆ. ಹೊಸದಾಗಿ ಬರುವವರು ಹಳೆಯ ಚೀಟಿಗಳು, ಗ್ಲುಕೋಮೀಟರ್, ಮನೆಯಲ್ಲಿ ಬಳಸುವ ಸ್ಪೇಸರ್, ರಾತ್ರಿಯ ಊಟದ ಇನ್ಸುಲಿನ್, ಸ್ವಲ್ಪ ಗ್ಲುಕೋಸ್ ಪುಡಿ ಇವಿಷ್ಟನ್ನು ಜೊತೆಗೆ ತಂದರೆ ಮೊದಲ ಭೇಟಿ ಸಾರ್ಥಕವಾಗುತ್ತದೆ. ಮೂರು ತಿಂಗಳ ಸುತ್ತನ್ನು ಲೆಕ್ಕಹಾಕುವಾಗ ಹಾಸನಾಂಬ ದೇವಿಯ ದರ್ಶನದ ದಿನಗಳನ್ನು ತಪ್ಪಿಸಿಕೊಳ್ಳಿ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಬಾಗಿಲು ತೆರೆದಾಗಿನಿಂದ ಬಲಿಪಾಡ್ಯಮಿ ಕಳೆಯುವವರೆಗೆ ಬಸ್ಸಿನಲ್ಲಿ ಸೀಟೂ ಸಿಗುವುದಿಲ್ಲ, ಊರೊಳಗೆ ಆಟೋ ಕೂಡ ಮುಂದೆ ಹೋಗುವುದಿಲ್ಲ.